ಓದುಗರ ಪ್ರಶ್ನೆಗಳಿಗೆ ಉತ್ತರ: ಚರ್ಮದ ಚಾವಟಿ, ಕುದುರೆಯ ಸರಂಜಾಮು

ಆಸ್ಟ್ರೇಲಿಯಾದ ದನಗಾಹಿಗಳು ಕುದುರೆಯ ಮೇಲೆ ಕುಳಿತು ಬೀಸುವ ಚಾವಟಿಯ ಬಗ್ಗೆ ಕಳೆದ ಸಂಚಿಕೆಯ ಕೈಕಸುಬಿನ ಪುಟದಲ್ಲಿ ಒಂದು ಟಿಪ್ಪಣಿ ಬರೆದಿದ್ದೆ. ಬೆತ್ತದ ಹಿಡಿ, ಹಿಡಿಗೆ ಚರ್ಮದ ಕುಣಿಕೆಯಿಂದ ಸೇರಿಸಿದ ಹೆಣೆದ ಬಾರು, ಬಾರಿನ ತುದಿಗೆ ಒಂಟಿ ಪಟ್ಟಿ, ಪಟ್ಟಿಯ ಕೊನೆಗೆ ಸದ್ದು ಮಾಡುವ ದಾರ ಎಂಬ ನಾಲ್ಕು ಭಾಗಗಳನ್ನು ಪರಿಚಯಿಸುವಷ್ಟಕ್ಕೆ ಅಲ್ಲಿ ಸ್ಥಳ ಮುಗಿದಿತ್ತು. ಅದನ್ನು ಓದಿ ಬಂದ ಪತ್ರಗಳಲ್ಲಿ ಕೆಲಸಕ್ಕೆ ಕೈ ಹಾಕಿದವರದೇ ಹೆಚ್ಚು ಎಂಬುದು ಸಂತೋಷದ ಸಂಗತಿ. ಒಂದೇ ಬಗೆಯ ಸಂದೇಹಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನಗೆ ಹಗ್ಗ ಹೊಸೆಯುವುದೂ ಜಡೆ ಹೆಣೆಯುವುದೂ ಚಿಕ್ಕಂದಿನಿಂದ ಗೊತ್ತು. ಆದರೆ ಚರ್ಮದ ಎಳೆಗಳನ್ನು ಹೆಣೆಯಲು ಕುಳಿತರೆ ನಡುನಡುವೆ ಸಂದು ಬಿಡುತ್ತದೆ, ಅಂಚುಗಳು ಎದ್ದು ನಿಲ್ಲುತ್ತವೆ, ಹೆಣಿಗೆ ಒಂದು ಕಡೆಗೆ ತಿರುಚಿಕೊಳ್ಳುತ್ತದೆ. ಹೆಣೆಯುವ ಕ್ರಮದಲ್ಲಿ ಎಲ್ಲಿ ತಪ್ಪುತ್ತಿದ್ದೇನೆ? (ಧಾರವಾಡದ ಓದುಗರು)

ಉತ್ತರ: ನೀವು ಪತ್ರದಲ್ಲಿ ವಿವರಿಸಿರುವ ಹೆಣಿಗೆಯ ಕ್ರಮ ಸರಿಯಾಗಿಯೇ ಇದೆ. ಸಂದು ಬೀಳುವುದಕ್ಕೂ ಅಂಚು ಏಳುವುದಕ್ಕೂ ಕಾರಣ ಹೆಣೆಯಲು ಕೂರುವ ಮೊದಲೇ, ಎಳೆ ಸೀಳುವಾಗಲೇ ಹುಟ್ಟಿರುತ್ತದೆ. ಕೂದಲಾಗಲಿ ನಾರಾಗಲಿ ಒತ್ತಿದರೆ ಕುಗ್ಗಿ ಪಕ್ಕದ ಎಡೆಯನ್ನು ತಾನೇ ತುಂಬಿಕೊಳ್ಳುತ್ತದೆ. ಚರ್ಮದ ಎಳೆಯಾದರೋ ನೀವು ಕೊಟ್ಟ ಅಗಲ ಮತ್ತು ದಪ್ಪದಲ್ಲಿಯೇ ನಿಲ್ಲುವುದರಿಂದ, ಒಂದು ಎಳೆ ಅರ್ಧ ಮಿಲಿಮೀಟರ್ ಕಿರಿದಾದರೂ ಅಲ್ಲಿ ಒಳಗಿನ ತಿರುಳು ಕಾಣತೊಡಗುತ್ತದೆ. ಅನುಭವಿಗಳು ಹೆಣೆಯುವುದಕ್ಕಿಂತ ಎಳೆ ಸಿದ್ಧಪಡಿಸುವುದಕ್ಕೆ ಹೆಚ್ಚು ಹೊತ್ತು ಕೊಡುವುದು ಇದೇ ಕಾರಣಕ್ಕೆ, ಆದ್ದರಿಂದ ಈ ಭಾಗವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಮೊದಲು ಚರ್ಮವನ್ನು ಹಲಗೆಯ ಮೇಲೆ ಹರಡಿ, ಬೆರಳುಗಳ ನಡುವೆ ಹಿಡಿದು ಎಲ್ಲ ಕಡೆಯೂ ಎಳೆದು ನೋಡಬೇಕು. ಬೆನ್ನಿನ ಉದ್ದಕ್ಕೂ ಇರುವ ಭಾಗ ಬಿಗಿಯಾಗಿರುತ್ತದೆ. ಹೊಟ್ಟೆ ಮತ್ತು ಕಾಲಿನ ಕಡೆಯ ಭಾಗ ಸಡಿಲವಾಗಿದ್ದು ಎಳೆದಷ್ಟೂ ಬರುತ್ತದೆ. ಈ ಸಡಿಲ ಭಾಗವನ್ನೂ, ಗಾಯದ ಕಲೆ ಮತ್ತು ತೂತುಗಳಿರುವ ಅಂಚನ್ನೂ ಮೊದಲೇ ತೆಗೆದುಬಿಡಿ. ಉಳಿದದ್ದನ್ನು ಮೂಲೆಗಳಿಲ್ಲದಂತೆ ದುಂಡಗೆ ಕತ್ತರಿಸಿಕೊಂಡು, ಚಕ್ಕುಲಿಯ ಸುತ್ತನ್ನು ಹೊರಗಿನಿಂದ ಬಿಚ್ಚುತ್ತ ಹೋದಂತೆ, ಅಂಚಿನಿಂದ ಒಳಕ್ಕೆ ಸುತ್ತುತ್ತ ಒಂದೇ ಉದ್ದನೆಯ ಎಳೆಯಾಗಿ ಸೀಳಬೇಕು. 60 ಸೆಂಟಿಮೀಟರ್ ಅಡ್ಡಳತೆಯ ದುಂಡು ತುಂಡೊಂದರಿಂದ 6 ಮಿಲಿಮೀಟರ್ ಅಗಲದ ಎಳೆ ಲೆಕ್ಕದ ಪ್ರಕಾರ 47 ಮೀಟರ್ ಬರಬೇಕು. ನಡುವಿನ ತೀರ ಚಿಕ್ಕ ಸುತ್ತುಗಳನ್ನು ಬಿಟ್ಟರೂ 40 ಮೀಟರಿನಷ್ಟು ಉಪಯೋಗಕ್ಕೆ ಸಿಗುತ್ತದೆ. ನುರಿತವರು ಹರಿತವಾದ ಸಣ್ಣ ಚಾಕುವನ್ನು ಬಲಗೈಯಲ್ಲಿ ಹಿಡಿದು, ಹೆಬ್ಬೆರಳಿನ ಉಗುರನ್ನೇ ಅಳತೆಗೋಲಾಗಿ ಚರ್ಮದ ಅಂಚಿಗೆ ಒತ್ತಿಕೊಂಡು, ಎಡಗೈಯಿಂದ ಎಳೆಯನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಹೊಸಬರು ಹಲಗೆಗೆ ಒಂದು ಬ್ಲೇಡನ್ನು ನೆಟ್ಟಗೆ ಸಿಕ್ಕಿಸಿ, ಅದರಿಂದ ಬೇಕಾದಷ್ಟು ದೂರದಲ್ಲಿ ಒಂದು ಮೊಳೆ ಹೊಡೆದು, ಆ ಎರಡರ ನಡುವೆ ಚರ್ಮವನ್ನು ಎಳೆಯಬಹುದು. ಅಗಲ ಒಂದೇ ಸಮ ಬರಲು ಇದು ಸುಲಭದ ದಾರಿ, ಆದರೆ ಬ್ಲೇಡು ಮೊಂಡಾದ ಕೂಡಲೇ ಬದಲಿಸಬೇಕು.

ಸೀಳಿದ ಎಳೆಯನ್ನು ಹಾಗೆಯೇ ಹೆಣೆಯಬಾರದು. ಒಂದು ತುದಿಯನ್ನು ಗಟ್ಟಿ ಮೊಳೆಗೆ ಕಟ್ಟಿ, ಒಂದೊಂದು ಗೇಣಿನಷ್ಟನ್ನು ಕೈಯಲ್ಲಿ ಸುತ್ತಿ ಹಿಡಿದು, ಇನ್ನು ಬಾರದು ಎನ್ನುವ ತನಕ ಎಳೆಯಬೇಕು. ಹೀಗೆ ಎಳೆದಾಗ ಎಳೆ ಉದ್ದವಾಗಿ ಕಿರಿದಾಗುತ್ತದೆ, ಸುತ್ತು ಸುತ್ತಾಗಿ ಸೀಳಿದ್ದರಿಂದ ಬಂದ ಬಾಗು ನೆಟ್ಟಗಾಗುತ್ತದೆ, ದುರ್ಬಲವಾದ ಜಾಗವಿದ್ದರೆ ಅಲ್ಲಿ ಕಡಿದುಹೋಗುತ್ತದೆ. ಕಡಿಯಿತೆಂದು ಬೇಸರಿಸಬೇಡಿ, ಅರ್ಧ ಹೆಣೆದ ಮೇಲೆ ಕಡಿದರೆ ಇಡೀ ಕೆಲಸವನ್ನು ಬಿಚ್ಚಬೇಕಾಗುತ್ತದೆ. ಬೆನ್ನಿನ ಭಾಗದ ಎಳೆಗೂ ಪಕ್ಕೆಯ ಭಾಗದ ಎಳೆಗೂ ಹಿಗ್ಗು ಬೇರೆ ಬೇರೆಯಾಗಿರುವುದರಿಂದ, ಈ ಹಂತದಲ್ಲಿ ಸಮಾನವಾಗಿ ಹಿಗ್ಗಿದ ಎಳೆಗಳನ್ನು ಜೋಡಿ ಮಾಡಿಟ್ಟುಕೊಂಡು, ಜೋಡಿಯ ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಬಳಸಬೇಕು. ಎಳೆದ ಮೇಲೆ ಎರಡನೆಯ ಸಲ ಅಳೆದು ಕತ್ತರಿಸಿ ನಿಜವಾದ ಅಗಲಕ್ಕೆ ತರಬೇಕು. ಬಾರು ಹಿಡಿಯಿಂದ ತುದಿಗೆ ಸಣ್ಣಗಾಗುತ್ತ ಹೋಗುವುದರಿಂದ ಪ್ರತಿ ಎಳೆಯೂ ಅದೇ ರೀತಿ ಸಣ್ಣಗಾಗಬೇಕು.

ಅಗಲ ಎಷ್ಟಿರಬೇಕು ಎಂಬುದಕ್ಕೆ ಒಂದು ಲೆಕ್ಕವಿದೆ. ಬಿಗಿಯಾದ ದುಂಡು ಹೆಣಿಗೆಯಲ್ಲಿ ಎಳೆಗಳು ಬಾರಿನ ಉದ್ದಕ್ಕೆ ಸುಮಾರು 45 ಡಿಗ್ರಿ ಓರೆಯಾಗಿ ಸುತ್ತುತ್ತವೆ. ಒಳತಿರುಳಿನ ಮೇಲೆ ಎಳೆ ಕೂತಾಗಿನ ಸುತ್ತಳತೆಯನ್ನು ಎಳೆಗಳ ಸಂಖ್ಯೆಯ ಅರ್ಧದಿಂದ ಭಾಗಿಸಿ 0.7ರಿಂದ ಗುಣಿಸಿದರೆ ಅಲ್ಲಿಗೆ ಬೇಕಾದ ಅಗಲ ಸಿಗುತ್ತದೆ. ಸುತ್ತಳತೆ 45 ಮಿಲಿಮೀಟರ್ ಇದ್ದು 12 ಎಳೆಗಳನ್ನು ಹೆಣೆಯುವುದಾದರೆ, 45ನ್ನು 6ರಿಂದ ಭಾಗಿಸಿ ಬಂದ 7.5ನ್ನು 0.7ರಿಂದ ಗುಣಿಸಿ, ಸುಮಾರು 5.3 ಮಿಲಿಮೀಟರ್ ಎಂದು ಹಿಡಿಯಬೇಕು. ಅದೇ ಓರೆಯಿಂದಾಗಿ ಎಳೆಯ ಉದ್ದ ಬಾರಿನ ಉದ್ದದ 1.4 ಪಟ್ಟು ಆಗುತ್ತದೆ. ಕೊನೆಯ ಗಂಟು ಮತ್ತು ಕೈಹಿಡಿತಕ್ಕೆಂದು ಒಂದೂವರೆ ಪಟ್ಟು ಇಟ್ಟುಕೊಳ್ಳುವುದು ರೂಢಿ.

ಎದ್ದು ನಿಂತ ಅಂಚಿಗೆ ಮದ್ದು ಅಂಚು ಹೆರೆಯುವುದು. ಎಳೆಯನ್ನು ಒಳಮೈ ಮೇಲಾಗುವಂತೆ ಹಲಗೆಯ ಮೇಲಿಟ್ಟು, ಎರಡೂ ಅಂಚಿನ ಚೌಕು ಮೂಲೆಯನ್ನು ರಂಪಿಗೆಯಿಂದಾಗಲಿ ಚಾಕುವಿನಿಂದಾಗಲಿ ಓರೆಯಾಗಿ ತೆಳ್ಳಗೆ ತೆಗೆಯಬೇಕು. ಹೆರೆದ ಚೂರು ದಾರದಂತೆ ಕಡಿಯದೆ ಉದ್ದಕ್ಕೆ ಬರುತ್ತಿದ್ದರೆ ಚಾಕುವಿನ ಹರಿತವೂ ಕೈಯ ಒತ್ತಡವೂ ಸರಿಯಿದೆ ಎಂದು ತಿಳಿಯಿರಿ. ಅಂಚು ಹೆರೆದ ಎಳೆಗಳು ಒಂದರ ಮೇಲೊಂದು ಹಾಯುವ ಕಡೆ ಮೆಟ್ಟಿಲಿನಂತೆ ನಿಲ್ಲದೆ ಒಂದಕ್ಕೊಂದು ಕೂರುತ್ತವೆ.

ತಿರುಚಿಕೊಳ್ಳುವ ದೋಷ ಮಾತ್ರ ಹೆಣೆಯುವ ಕೈಯದು. ಬಲಗೈಯವರು ಬಲಗಡೆಯ ಎಳೆಯನ್ನು ಅರಿವಿಲ್ಲದೆ ಹೆಚ್ಚು ಜಗ್ಗುತ್ತಾರೆ. ಪ್ರತಿ ಎಳೆಯನ್ನೂ ಅದರ ಸ್ಥಳಕ್ಕೆ ತಂದ ಮೇಲೆ ಎರಡೂ ಕೈಗಳಲ್ಲಿ ಎದುರುಬದುರಿನ ಎಳೆಗಳನ್ನು ಹಿಡಿದು ಏಕಕಾಲಕ್ಕೆ ಜಗ್ಗುವ ಅಭ್ಯಾಸ ಮಾಡಿಕೊಂಡರೆ ಹೆಣಿಗೆಯ ನಡುಗೆರೆ ನೆಟ್ಟಗೆ ನಿಲ್ಲುತ್ತದೆ. ಎಳೆಗಳು ಸಲೀಸಾಗಿ ಜಾರಿ ಬಿಗಿಯಲು ಆಸ್ಟ್ರೇಲಿಯಾದವರು ಬಟ್ಟೆ ಸೋಪನ್ನು ತುರಿದು ಬಿಸಿನೀರಿನಲ್ಲಿ ಕರಗಿಸಿ, ಪ್ರಾಣಿಯ ಕೊಬ್ಬು ಬೆರೆಸಿ, ಆರಿದ ಮೇಲೆ ಬೆಣ್ಣೆಯ ಹದಕ್ಕೆ ಬಂದದ್ದನ್ನು ಎಳೆಗೆ ಸವರುತ್ತಾರೆ. ಸೋಪು ಜಾರುವಿಕೆ ಕೊಡುತ್ತದೆ, ಕೊಬ್ಬು ಚರ್ಮದೊಳಗೆ ಉಳಿದು ಅದನ್ನು ಮೆತ್ತಗಿಡುತ್ತದೆ.

ಪ್ರಶ್ನೆ: ಕಾಂಗರೂ ಚರ್ಮವನ್ನೇ ಏಕೆ ಅಷ್ಟು ಹೊಗಳುತ್ತೀರಿ? ಆಡಿನ ಅಥವಾ ದನದ ಚರ್ಮದಿಂದ ಆ ಕೆಲಸ ಆಗುವುದಿಲ್ಲವೇ? (ಚಿಕ್ಕಮಗಳೂರಿನ ಓದುಗರು)

ಉತ್ತರ: ಆಗುತ್ತದೆ, ಆದರೆ ಚರ್ಮದ ಒಳರಚನೆ ತಿಳಿದು ಆಯ್ದುಕೊಳ್ಳಬೇಕು. ದನದ ಚರ್ಮದಲ್ಲಿ ನಾರುಗಳು ಮೇಲೆ ಕೆಳಗೆ ಎಲ್ಲ ದಿಕ್ಕಿಗೂ ಹೆಣೆದುಕೊಂಡಿರುತ್ತವೆ. ಬಲವೆಲ್ಲ ಒಳಪದರದಲ್ಲಿದ್ದು ನುಣುಪಾದ ಮೇಲ್ಪದರ ದುರ್ಬಲವಾಗಿರುತ್ತದೆ. ಅಂಥ ಚರ್ಮವನ್ನು ಒಳಮೈಯಿಂದ ಸೀಳಿ ತೆಳುವಾಗಿಸಿದರೆ ಬಲವಾದ ಭಾಗವನ್ನೇ ಕಳೆದಂತಾಗುತ್ತದೆ. ಕಾಂಗರೂ ಚರ್ಮದ ನಾರುಗಳು ಮೇಲ್ಮೈಗೆ ಸಮಾನಾಂತರವಾಗಿ ಒತ್ತಾಗಿ ಹಾಸಿಕೊಂಡಿರುವುದರಿಂದ, ಮೂಲ ದಪ್ಪದ ಶೇ. 20ಕ್ಕೆ ಇಳಿಸಿದರೂ ಅದು ತನ್ನ ಎಳೆತದ ಬಲದಲ್ಲಿ ಶೇ. 30ರಿಂದ 60ರಷ್ಟನ್ನು ಉಳಿಸಿಕೊಳ್ಳುತ್ತದೆ. ಕರುವಿನ ಚರ್ಮವನ್ನು ಅಷ್ಟೇ ತೆಳುಮಾಡಿದರೆ ಶೇ. 1ರಿಂದ 4ರಷ್ಟು ಮಾತ್ರ ಉಳಿಯುತ್ತದೆ. 12, 16, 24 ಎಳೆಗಳ ಸೂಕ್ಷ್ಮ ಹೆಣಿಗೆ ಆಸ್ಟ್ರೇಲಿಯಾದಲ್ಲಿ ಅಷ್ಟು ಎತ್ತರಕ್ಕೆ ಬೆಳೆದದ್ದಕ್ಕೆ ಕೈಗಳ ನೈಪುಣ್ಯದ ಜೊತೆಗೆ ಈ ಚರ್ಮವೂ ಕಾರಣ. ಅಲ್ಲಿ ಸರ್ಕಾರ ಗೊತ್ತುಪಡಿಸಿದ ಮಿತಿಯೊಳಗೆ ಕಾಡಿನ ಕಾಂಗರೂಗಳನ್ನು ಬೇಟೆಯಾಡಲಾಗುತ್ತದೆ. ಮಾಂಸದ ಜೊತೆಗೆ ಚರ್ಮವೂ ಬಳಕೆಗೆ ಬರುತ್ತದೆ.

ನಮ್ಮಲ್ಲಿ ಸಿಗುವುದರಲ್ಲಿ ಆಡಿನ ಚರ್ಮ ಒಳ್ಳೆಯ ಆಯ್ಕೆ, ಏಕೆಂದರೆ ಅದು ಹುಟ್ಟಿನಿಂದಲೇ ತೆಳು. ಸೀಳಿ ತೆಳುಮಾಡುವ ಅಗತ್ಯವಿಲ್ಲ. ಕಾಂಗರೂ ಚರ್ಮಕ್ಕಿಂತ ಹೆಚ್ಚು ಹಿಗ್ಗುವುದರಿಂದ ಮೇಲೆ ಹೇಳಿದಂತೆ ಎಳೆದು ಹಿಗ್ಗಿಸುವ ಕೆಲಸವನ್ನು ಇನ್ನಷ್ಟು ತಾಳ್ಮೆಯಿಂದ ಮಾಡಬೇಕು. ಕೊಳ್ಳುವಾಗ ತೊಗಟೆಯಿಂದ ಹದ ಮಾಡಿದ್ದನ್ನೇ ಕೇಳಿ. ಕ್ರೋಮ್ ಉಪ್ಪಿನಿಂದ ಹದ ಮಾಡಿದ ಚರ್ಮ ಬ್ಯಾಗಿಗೂ ಚಪ್ಪಲಿಯ ಮೇಲ್ಭಾಗಕ್ಕೂ ಚೆನ್ನಾಗಿರುತ್ತದೆ, ಆದರೆ ರಬ್ಬರಿನ ಹಾಗೆ ಹಿಗ್ಗಿ ಕುಗ್ಗುವುದರಿಂದ ಹೆಣಿಗೆ ಬಿಗಿ ನಿಲ್ಲುವುದಿಲ್ಲ, ಅಂಚೂ ಶುಚಿಯಾಗಿ ಹೆರೆದು ಬರುವುದಿಲ್ಲ. ತಮಿಳುನಾಡಿನ ತಿರುಚ್ಚಿ, ದಿಂಡಿಗಲ್ ಕಡೆಯ ಹದಗಾರರು ಮೊದಲು ಆವರಿಕೆಯ ತೊಗಟೆಯಿಂದ, ಆಮೇಲೆ ಜಾಲಿಯ ಜಾತಿಯ ವಾಟಲ್ ತೊಗಟೆ ಮತ್ತು ಅಳಲೆಕಾಯಿಯಿಂದ ಹದ ಮಾಡುತ್ತ ಬಂದಿರುವ ಈಸ್ಟ್ ಇಂಡಿಯಾ ಚರ್ಮ ಎಂಬ ಹೆಸರಿನ ಆಡು, ಕುರಿ, ಕರುವಿನ ಚರ್ಮಗಳಿವೆ. ಅವುಗಳಲ್ಲಿ ಆಡಿನದನ್ನು ಆರಿಸಿಕೊಳ್ಳಿ. ಕುರಿಯ ಚರ್ಮದ ಪದರಗಳು ಸಡಿಲವಾಗಿದ್ದು ಎಳೆದರೆ ಬಿಡಿಸಿಕೊಳ್ಳುವುದರಿಂದ ಹೊರಹೆಣಿಗೆಗೆ ಅದು ಬೇಡ.

ಪ್ರಶ್ನೆ: ಚಾವಟಿಯ ಒಳಗೆ ಏನಿರುತ್ತದೆ? ನಾನು ಹಗ್ಗದ ಮೇಲೆ ಚರ್ಮ ಹೆಣೆದು ಮಾಡಿದ್ದು ಬೀಸಿದರೆ ಮಡಚಿಕೊಳ್ಳುತ್ತದೆ. (ಶಿವಮೊಗ್ಗದ ಓದುಗರು)

ಉತ್ತರ: ಒಳಗೆ ಹಗ್ಗವಿದ್ದರೆ ತೂಕ ಸಾಲದು, ಬುಡದಿಂದ ತುದಿಯವರೆಗೆ ಒಂದೇ ದಪ್ಪವಾದ್ದರಿಂದ ಬಾಗೂ ಸರಿಯಾಗಿ ಸಾಗದು. ಒಳ್ಳೆಯ ಚಾವಟಿ ಪದರ ಪದರವಾಗಿ ಕಟ್ಟಿದ್ದು, ಎಲ್ಲ ಪದರವೂ ಚರ್ಮದ್ದೇ. ನಡುವೆ ಉದ್ದಕ್ಕೂ ಸಣ್ಣಗಾಗುತ್ತ ಹೋಗುವ ಒಂದು ಚರ್ಮದ ಪಟ್ಟಿಯೇ ತಿರುಳು. ಅದರ ಮೇಲೆ ನಾಲ್ಕು ಅಗಲ ಎಳೆಗಳಿಂದ ಒಂದು ಒಳಹೆಣಿಗೆ ಬರುತ್ತದೆ. ಒಳಹೆಣಿಗೆಯ ಮೇಲೆ ಬುಡದಲ್ಲಿ ಅಗಲವಾಗಿ ತುದಿಯಲ್ಲಿ ಚೂಪಾಗಿ ಕತ್ತರಿಸಿ ಅಂಚು ಹೆರೆದ ಚರ್ಮದ ಹೊದಿಕೆಯನ್ನು ಉದ್ದಕ್ಕೆ ಮಡಚಿ ಸುತ್ತಿ ದಾರದಿಂದ ಕಟ್ಟುತ್ತಾರೆ. ಅದರ ಮೇಲೆ ಹೊರಹೆಣಿಗೆ. ಭಾರವಾದ ಚಾವಟಿಗಳಲ್ಲಿ ಒಳಹೆಣಿಗೆಯೂ ಹೊದಿಕೆಯೂ ಎರಡೆರಡು ಸಲ ಬರುತ್ತವೆ. ಒಂದೊಂದು ಪದರವೂ ಮುಂದಿನದಕ್ಕಿಂತ ಬೇಗ ಮುಗಿಯುವಂತೆ ಉದ್ದ ಹಂಚಿಕೊಂಡರೆ ದಪ್ಪ ಒಮ್ಮೆಲೇ ಕುಸಿಯದೆ ಇಳಿಯುತ್ತದೆ. ಪ್ರತಿ ಪದರ ಮುಗಿದ ಮೇಲೂ ಎರಡು ಹಲಗೆಗಳ ನಡುವೆ ಒತ್ತಿ ಹೊರಳಿಸಿ ದುಂಡಾಗಿಸುವುದನ್ನು ಬಿಡಬೇಡಿ.

ನಾಲ್ಕು ಎಳೆಯ ದುಂಡು ಹೆಣಿಗೆ ಎಲ್ಲಕ್ಕೂ ಬುನಾದಿ. ಎರಡು ಎಳೆ ಎಡಗೈಯಲ್ಲಿ, ಎರಡು ಬಲಗೈಯಲ್ಲಿ ಇರಲಿ. ಎಡಗಡೆಯ ಅತ್ಯಂತ ಹೊರಗಿನ ಎಳೆಯನ್ನು ತಿರುಳಿನ ಹಿಂದಿನಿಂದ ಬಲಕ್ಕೆ ತಂದು, ಬಲಗಡೆಯ ಎರಡು ಎಳೆಗಳ ನಡುವಿನಿಂದ ಮುಂದಕ್ಕೆ ಎತ್ತಿ, ಒಳಗಿನ ಎಳೆಯ ಮೇಲಿನಿಂದ ಮತ್ತೆ ಎಡಗೈಗೇ ಮರಳಿಸಬೇಕು. ಆಮೇಲೆ ಬಲಗಡೆಯ ಹೊರಗಿನ ಎಳೆಯನ್ನು ಹಾಗೆಯೇ ಹಿಂದಿನಿಂದ ಎಡಕ್ಕೆ ತಂದು, ಎಡಗಡೆಯ ಎರಡರ ನಡುವಿನಿಂದ ಎತ್ತಿ, ಬಲಕ್ಕೆ ಮರಳಿಸಬೇಕು. ಎಂಟು ಎಳೆಗಳಾದರೂ ಇದೇ ಕ್ರಮ: ಹಿಂದಿನಿಂದ ಬಂದ ಎಳೆ ಎದುರಿನ ನಾಲ್ಕರಲ್ಲಿ ಎರಡರ ಕೆಳಗೆ ಹಾದು ಎರಡರ ಮೇಲೆ ಬಂದರೆ ಮೀನಿನ ಮುಳ್ಳಿನಂಥ ಗೆರೆ ಮೂಡುತ್ತದೆ, ಒಂದರ ಕೆಳಗೆ ಒಂದರ ಮೇಲೆ ಎಂದು ಹಾದರೆ ಚಾಪೆಯ ನೇಯ್ಗೆಯಂಥ ಚೌಕುಳಿ ಮೂಡುತ್ತದೆ. ಮೊದಲನೆಯದು ಹೆಣೆಯಲು ಬೇಗ, ಎರಡನೆಯದು ಹೆಚ್ಚು ಬಿಗಿ.

ಬಾರು ಸಣ್ಣಗಾಗುತ್ತ ಹೋದಂತೆ 12 ಎಳೆಗಳಿಗೂ ಅಲ್ಲಿ ಜಾಗ ಸಾಲದು. ಆಗ ಎಡದಿಂದ ಒಂದು, ಬಲದಿಂದ ಒಂದು ಎಳೆಯನ್ನು ಒಳಕ್ಕೆ ಮಡಚಿ ತಿರುಳಿನೊಂದಿಗೆ ಸೇರಿಸಿ, ಉಳಿದ 10ರಿಂದ ಮುಂದುವರಿಸಬೇಕು. ಮುಂದೆ 8ಕ್ಕೆ, ತುದಿಯ ಹತ್ತಿರ 6ಕ್ಕೆ. ಒಳಕ್ಕೆ ಬಿಟ್ಟ ಎಳೆಯನ್ನು ಅಲ್ಲೇ ಕತ್ತರಿಸಿದರೆ ಆ ಜಾಗದಲ್ಲಿ ಕುಳಿ ಬಿದ್ದು ಬೀಸುವಾಗ ಬಾರು ಅಲ್ಲೇ ಮಡಚುತ್ತದೆ. ಅದನ್ನು ಉದ್ದಕ್ಕೆ ಹೆರೆದು ಚೂಪು ಮಾಡಿ ಒಳಗೇ ಮುಗಿಯಲು ಬಿಡಬೇಕು. ನಿಮ್ಮ ಚಾವಟಿ ಮಡಚಿಕೊಳ್ಳುವ ಜಾಗವನ್ನು ಬೆರಳಿನಿಂದ ಒತ್ತಿ ನೋಡಿದರೆ ಇಂಥದೇ ಒಂದು ಕುಳಿ ಸಿಗಬಹುದು.

ಮುಗಿದ ಬಾರನ್ನು ಮತ್ತೊಮ್ಮೆ ಹಲಗೆಯಲ್ಲಿ ಹೊರಳಿಸಿ, ಒಣಗಿದ ಮೇಲೆ ಅರಗಿನ ತೆಳು ವಾರ್ನಿಷ್ ಸವರುವ ಪದ್ಧತಿ ಆಸ್ಟ್ರೇಲಿಯಾದಲ್ಲಿದೆ. ಅದು ಹೊಳಪಿಗಷ್ಟೇ ಅಲ್ಲದೆ ಧೂಳು ಎಳೆಗಳ ನಡುವೆ ಸೇರದಂತೆ ತಡೆಯಲೂ ಉಪಯೋಗವಾಗುತ್ತದೆ.

ಪ್ರಶ್ನೆ: ಚಾವಟಿ ಏನನ್ನೂ ತಾಗದೆ ಗಾಳಿಯಲ್ಲೇ ಅಷ್ಟು ಜೋರಾಗಿ ಸದ್ದು ಮಾಡುವುದು ಹೇಗೆ? (ಮೈಸೂರಿನ ವಿದ್ಯಾರ್ಥಿನಿ)

ಉತ್ತರ: ಆ ಸದ್ದು ಶಬ್ದದ ವೇಗವನ್ನು ಮೀರಿದ ಚಲನೆಯಿಂದ ಹುಟ್ಟುವ ಆಘಾತ ತರಂಗ. ಬೀಸಿದಾಗ ಬಾರಿನಲ್ಲಿ ಒಂದು ಬಾಗು ಉಂಟಾಗಿ ಬುಡದಿಂದ ತುದಿಯ ಕಡೆಗೆ ಓಡುತ್ತದೆ. ಬಾರು ಸಣ್ಣಗಾಗುತ್ತ ಹೋಗುವುದರಿಂದ ಅದೇ ಶಕ್ತಿ ಕಡಿಮೆ ಕಡಿಮೆ ತೂಕವನ್ನು ಚಲಿಸಬೇಕಾಗಿ ಬಂದು ವೇಗ ಏರುತ್ತಲೇ ಇರುತ್ತದೆ. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್; ಬಾಗು ಅದನ್ನು ದಾಟಿದಾಗ ಸಿಡಿಲಿನಂಥ ಸದ್ದು ಕೇಳುತ್ತದೆ. ಚಾವಟಿಯ ತುದಿಯೇ ಸದ್ದಿನ ಮೂಲವೆಂದು ಬಹುಕಾಲ ತಿಳಿದಿದ್ದರು. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಅಲೈನ್ ಗೊರಿಯೆಲಿ ಮತ್ತು ಟೈಲರ್ ಮೆಕ್‌ಮಿಲೆನ್ 2002ರಲ್ಲಿ ಗಣಿತದ ಮೂಲಕ ತೋರಿಸಿದ್ದು, ಸದ್ದನ್ನು ಹುಟ್ಟಿಸುವುದು ಓಡುವ ಬಾಗು ಎಂದು. ಹೆಣೆಯುವವರಿಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು: ದಪ್ಪ ಎಲ್ಲಿ ಏರುಪೇರಾಗುತ್ತದೋ ಅಲ್ಲಿ ಬಾಗು ತಡೆದು ಶಕ್ತಿ ಪೋಲಾಗುತ್ತದೆ.

ಅಭ್ಯಾಸ ಮಾಡುವುದಿದ್ದರೆ ಕನ್ನಡಕ, ಅಗಲ ಅಂಚಿನ ಟೋಪಿ, ತುಂಬುತೋಳಿನ ಅಂಗಿ ಕಡ್ಡಾಯ. ಚಾವಟಿಯ ಉದ್ದಕ್ಕೆ ನಿಮ್ಮ ತೋಳಿನ ಉದ್ದವನ್ನೂ ಕೂಡಿಸಿದಷ್ಟು ದೂರದೊಳಗೆ ಯಾರೂ ಇರಬಾರದು.

ಪ್ರಶ್ನೆ: ಬಾಯಿಗೆ ಕಬ್ಬಿಣದ ಕಡಿವಾಣವಿಲ್ಲದೆ, ಮೂಗಿನ ಮೇಲೆ ಹೆಣೆದ ಚರ್ಮದ ಬಳೆಯಿಂದಲೇ ಕುದುರೆಯನ್ನು ಪಳಗಿಸುವ ಚಿತ್ರವೊಂದನ್ನು ನೋಡಿದೆ. ಅದನ್ನು ಹೇಗೆ ಮಾಡುತ್ತಾರೆ? (ಕುಣಿಗಲ್‌ನ ಓದುಗರು)

ಉತ್ತರ: ಕುದುರೆ ಫಾರಂ ಇರುವ ಊರಿನಿಂದ ಈ ಪ್ರಶ್ನೆ ಬಂದದ್ದು ಸಹಜವೇ. ನೀವು ನೋಡಿದ್ದು ಬೊಸಾಲ್. ಮೆಕ್ಸಿಕೊ ಮತ್ತು ಕ್ಯಾಲಿಫೋರ್ನಿಯಾದ ವಕೇರೊ ಎಂಬ ಸ್ಪ್ಯಾನಿಷ್ ಪರಂಪರೆಯ ದನಗಾಹಿಗಳ ಕೊಡುಗೆ. ಇದನ್ನು ಹದ ಮಾಡಿದ ಚರ್ಮದಿಂದ ಮಾಡುವುದಿಲ್ಲ. ಕೂದಲು ತೆಗೆದು ಬಿಗಿದು ಒಣಗಿಸಿದ, ಹದ ಮಾಡದ ತೊಗಲಿನಿಂದ ಮಾಡುತ್ತಾರೆ. ಸುಣ್ಣದ ನೀರಿನಲ್ಲಾಗಲಿ ಬೂದಿ ನೀರಿನಲ್ಲಾಗಲಿ ನೆನೆಸಿ ಕೂದಲು ಸಡಿಲಿಸಿ, ಕೆರೆದು, ಚೆನ್ನಾಗಿ ತೊಳೆದು, ಚೌಕಟ್ಟಿಗೆ ಬಿಗಿದು ನೆರಳಿನಲ್ಲಿ ಒಣಗಿಸಬೇಕು. ಸುಣ್ಣ ಹೆಚ್ಚಾದರೆ ನಾರು ಸುಟ್ಟಂತಾಗಿ ಮುಂದೆ ಬಿರುಕು ಬಿಡುತ್ತದೆ. ಕೊಬ್ಬಿದ ಎಳೆಯ ದನದ ತೊಗಲಿಗಿಂತ ಬಡಕಲಾದ ವಯಸ್ಸಾದ ಹಸುವಿನ ತೊಗಲನ್ನು ಆ ಕೆಲಸದವರು ಮೆಚ್ಚುತ್ತಾರೆ, ಏಕೆಂದರೆ ಅದರ ನಾರು ಬಿಗಿ.

ಈ ತೊಗಲಿನ ಕೆಲಸದಲ್ಲಿ ಎಲ್ಲವೂ ತೇವದ ಮೇಲೆ ನಿಂತಿದೆ. ಪೂರ್ತಿ ಒಣಗಿದ್ದು ಹಲಗೆಯಷ್ಟು ಗಟ್ಟಿ, ಪೂರ್ತಿ ನೆನೆದದ್ದು ಲೋಳೆ. ನೀರಿನಲ್ಲಿ ಅದ್ದಿ ತೆಗೆದು, ಒದ್ದೆ ಗೋಣಿಯಲ್ಲೋ ಪ್ಲಾಸ್ಟಿಕ್ಕಿನಲ್ಲೋ ಸುತ್ತಿಟ್ಟು, ತೇವ ಒಳಗೆಲ್ಲ ಸಮವಾಗಿ ಹರಡುವ ತನಕ ಕಾಯಬೇಕು. ಆಗ ಎಳೆಯನ್ನು ಕೆನ್ನೆಗೆ ಒತ್ತಿದರೆ ತಣ್ಣಗೆನಿಸಬೇಕು, ಆದರೆ ಕೆನ್ನೆಗೆ ನೀರು ಅಂಟಬಾರದು. ಹೆಚ್ಚು ತೇವದಲ್ಲಿ ಹೆಣೆದರೆ ಒಣಗುವಾಗ ಎಳೆ ಕುಗ್ಗಿ ಸಂದು ಬಿಡುತ್ತದೆ. ಕಡಿಮೆಯಾದರೆ ಎಳೆ ಬಾಗದೆ ಮೇಲೇಳುತ್ತದೆ. ದುಂಡು ತುಂಡಿನಿಂದ ಎಳೆ ಸೀಳುವುದು, ಎಳೆಯುವುದು, ಸಮದಪ್ಪಕ್ಕೆ ಒಳಮೈ ತೆಗೆಯುವುದು, ಅಂಚು ಹೆರೆಯುವುದು ಎಲ್ಲವೂ ಚಾವಟಿಯ ಕೆಲಸದಂತೆಯೇ, ಪ್ರತಿ ಹಂತದಲ್ಲೂ ಈ ತೇವವನ್ನು ಕಾಯ್ದುಕೊಂಡು ಮಾಡಬೇಕು.

ಬೊಸಾಲ್‌ನ ತಿರುಳೂ ತೊಗಲಿನದೇ ಆಗಿರಬೇಕು. ಅಗ್ಗದವುಗಳಲ್ಲಿ ಉಕ್ಕಿನ ತಂತಿ ಹಾಕಿರುತ್ತಾರೆ. ಅಂಥದು ಕುದುರೆಯ ಮುಖದ ಆಕಾರಕ್ಕೆ ಹೊಂದಿಕೊಳ್ಳುವುದಿಲ್ಲ, ಮೂಗಿನ ಎಲುಬಿಗೆ ನೋವು ಕೊಡುತ್ತದೆ. ದಯವಿಟ್ಟು ಅದನ್ನು ಕೊಳ್ಳಬೇಡಿ. ತಿರುಳಿನ ಮೇಲೆ ಹೆಣಿಗೆ ಮುಗಿಸಿ, ಮೂಗಿನ ಮೇಲೆ ಕೂರುವ ಜಾಗದಲ್ಲಿ ಉದ್ದನೆಯ ಗುಂಡಿಯಂತೆ ಎರಡನೆಯ ಹೆಣಿಗೆ ಹಾಕಿ, ಎರಡು ತುದಿಗಳನ್ನು ಗದ್ದದ ಕೆಳಗೆ ಒಂದು ಭಾರದ ಗಂಟಿನಲ್ಲಿ ಸೇರಿಸುತ್ತಾರೆ. ಆ ಗಂಟಿನ ಭಾರವೇ ಲಗಾಮು ಸಡಿಲ ಬಿಟ್ಟ ಕ್ಷಣ ಬಳೆಯನ್ನು ಗದ್ದದಿಂದ ದೂರ ಬೀಳಿಸಿ ಕುದುರೆಗೆ ಬಿಡುವು ಕೊಡುವುದು. ಲಗಾಮಿಗೆ ಕುದುರೆಯ ಕೂದಲಿನಿಂದ ಹೊಸೆದ ಮೆಕಾಟೆ ಎಂಬ ಹಗ್ಗವನ್ನು ಕಟ್ಟುತ್ತಾರೆ. ಪಳಗಿಸುವ ಆರಂಭದಲ್ಲಿ 5/8 ಅಂಗುಲ ದಪ್ಪದ ಬಳೆ, ಕುದುರೆ ಕಲಿತಂತೆ 1/2 ಅಂಗುಲ, ಆಮೇಲೆ 3/8 ಅಂಗುಲ ಎಂದು ತೆಳುವಾದವುಗಳಿಗೆ ಸಾಗುವುದು ಅವರ ಕ್ರಮ.

ಪ್ರಶ್ನೆ: ನಮ್ಮ ಅಜ್ಜನವರ ಬಾರುಕೋಲು ಅಟ್ಟದ ಮೇಲಿತ್ತು. ಬಾರು ಕಟ್ಟಿಗೆಯಂತೆ ಬಿರುಸಾಗಿದೆ. ಎಣ್ಣೆಯಲ್ಲಿ ನೆನೆಸಿಡಬಹುದೇ? (ವಿಜಯಪುರ ಜಿಲ್ಲೆಯ ಓದುಗರು)

ಉತ್ತರ: ನೆನೆಸಬೇಡಿ. ಒಣಗಿದ ಚರ್ಮ ಬೇಕಾದ್ದಕ್ಕಿಂತ ಹೆಚ್ಚು ಎಣ್ಣೆ ಕುಡಿದು ಹಿಗ್ಗಿ ಬಲ ಕಳೆದುಕೊಳ್ಳುತ್ತದೆ. ಮೊದಲು ಬಾರಿನ ಒಂದು ಮೂಲೆಯನ್ನು ಬೆರಳಿನಿಂದ ಉಜ್ಜಿ ನೋಡಿ. ಕೆಂಪು ಪುಡಿ ಉದುರಿದರೆ ಚರ್ಮದ ನಾರೇ ಆಮ್ಲದಿಂದ ಕೊಳೆತಿದೆ ಎಂದರ್ಥ. ಅದಕ್ಕೆ ಪರಿಹಾರವಿಲ್ಲ, ಬಾಗಿಸದೆ ಹಾಗೆಯೇ ಜೋಪಾನ ಮಾಡಿ. ಪುಡಿ ಬಾರದಿದ್ದರೆ ಒದ್ದೆ ಬಟ್ಟೆಯಿಂದ ಧೂಳು ಒರೆಸಿ, ನೆರಳಿನಲ್ಲಿ ಆರಿಸಿ, ಇನ್ನೂ ಸ್ವಲ್ಪ ತೇವವಿರುವಾಗಲೇ ಹರಳೆಣ್ಣೆಯನ್ನೋ ಕರಗಿಸಿದ ಕೊಬ್ಬನ್ನೋ ಬೆರಳಿನಿಂದ ತೆಳ್ಳಗೆ ಸವರಿ ಒಂದು ದಿನ ಬಿಡಿ. ಮತ್ತೆ ಸವರಿ, ಮತ್ತೆ ಬಿಡಿ. ಮೆತ್ತಗಾಗುವ ಮುನ್ನ ಬಲವಂತವಾಗಿ ಬಾಗಿಸಿದರೆ ಬಿರುಕು ಬಿಡುತ್ತದೆ. ಬಿಸಿಲಿಗೂ ಒಲೆಯ ಹತ್ತಿರಕ್ಕೂ ಒಯ್ಯಬೇಡಿ.

ಇದನ್ನು ಮಾಡಿದ ಕೈಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ನಮ್ಮ ಹಳ್ಳಿಗಳ ಆಯದ ಪದ್ಧತಿಯಲ್ಲಿ ಚರ್ಮದ ಕೆಲಸದವರು ಮಿಣಿ, ಬಾರು, ಬಾರುಕೋಲು, ಎತ್ತುಗಳಿಂದ ಬಾವಿಯ ನೀರೆತ್ತುವ ಕಪಿಲೆಯ ತೊಗಲು ಚೀಲ ಎಲ್ಲವನ್ನೂ ಮಾಡಿಕೊಟ್ಟು, ಸುಗ್ಗಿಯಲ್ಲಿ ಕಾಳನ್ನು ಪಡೆಯುತ್ತಿದ್ದರು. ಅವರ ಜ್ಞಾನವನ್ನು ಊರು ಬಳಸಿಕೊಂಡಿತು, ಆದರೆ ಅವರನ್ನು ಊರಾಚೆ ಇಟ್ಟಿತು, ಅವರ ಕೌಶಲವನ್ನು ಯಾರೂ ಬರೆದಿಡಲಿಲ್ಲ. ನಿಮ್ಮ ಊರಿನಲ್ಲಿ ಮಿಣಿ ಹೊಸೆದ ಹಿರಿಯರು ಯಾರಾದರೂ ಇದ್ದರೆ, ಬಾರುಕೋಲನ್ನು ಅವರಿಗೆ ತೋರಿಸಿ ಕೇಳಿ. ಯಾವ ಭಾಗದ ತೊಗಲು, ಎಷ್ಟು ಎಳೆ, ಯಾವ ಎಣ್ಣೆ ಎಂಬುದನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಂಡು ನಮಗೂ ಕಳುಹಿಸಿದರೆ ಅದನ್ನು ಈ ಪುಟದಲ್ಲಿ ಆದರದಿಂದ ಪ್ರಕಟಿಸುತ್ತೇವೆ.

ಪ್ರಶ್ನೆ: ನಾನು ಹೆಣೆದ ಚಾವಟಿಯನ್ನು ಎತ್ತು, ಕುದುರೆಗಳಿಗೆ ಬಳಸಬಹುದೇ? ಹೆಣೆದ ಲಗಾಮು ಸವಾರಿಗೆ ಸುರಕ್ಷಿತವೇ? (ಬೆಳಗಾವಿಯ ಓದುಗರು)

ಉತ್ತರ: ಪ್ರಾಣಿಯ ಮೈಗೆ ಹೊಡೆಯಲು ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆಸ್ಟ್ರೇಲಿಯಾದ ಒಳ್ಳೆಯ ದನಗಾಹಿ ಕೂಡ ಸದ್ದಿನಿಂದ ಮಂದೆಯನ್ನು ತಿರುಗಿಸುತ್ತಾನೆಯೇ ಹೊರತು ದನದ ಮೈಮೇಲೆ ಬಾಸುಂಡೆ ಎಬ್ಬಿಸುವುದಿಲ್ಲ. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿ ಎಳೆಯುವ ಮತ್ತು ಹೊರುವ ಪ್ರಾಣಿಗಳಿಗಾಗಿ 1965ರಲ್ಲಿ ರೂಪಿಸಿದ ನಿಯಮಗಳು, ಮುಳ್ಳಿನ ಕೋಲು, ಮುಳ್ಳಿನ ಕಡಿವಾಣ, ಗುಬುಟಿರುವ ಸರಂಜಾಮು, ಗಾಯ ಮಾಡುವಂಥ ಯಾವುದೇ ಚೂಪಾದ ಸಾಧನವನ್ನು ನಿಷೇಧಿಸಿವೆ. ಹೆಣೆದ ಸರಂಜಾಮಿನ ಗಂಟು ಪ್ರಾಣಿಯ ಚರ್ಮಕ್ಕೆ ಉಜ್ಜುವ ಕಡೆ ಬಾರದಂತೆ ನೋಡಿಕೊಳ್ಳುವುದು ಹೆಣೆಯುವವರ ಜವಾಬ್ದಾರಿಯೇ.

ಲಗಾಮಿಗೆ ಐದು ಎಳೆಯ ಚಪ್ಪಟೆ ಹೆಣಿಗೆ ಒಳ್ಳೆಯದು. ಮಳೆಯಲ್ಲೂ ಬೆವರಿನಲ್ಲೂ ಕೈಯಿಂದ ಜಾರುವುದಿಲ್ಲ. ಆದರೆ ಕಡಿವಾಣದ ಬಳೆಗೆ ಸೇರುವ ತುದಿಯ ಒಂದು ಗೇಣಿನಷ್ಟನ್ನು ಹೆಣೆಯದೆ, ದಪ್ಪ ಪಟ್ಟಿಯಾಗಿಯೇ ಬಿಡಿ, ಏಕೆಂದರೆ ಲೋಹ ಉಜ್ಜುವ ಕಡೆ ತೆಳು ಎಳೆಗಳು ಒಂದೊಂದಾಗಿ ಸವೆದು ಕಣ್ಣಿಗೆ ಬೀಳದೆ ಕಡಿಯುತ್ತವೆ. ಒಂದೇ ಚರ್ಮದ ಪಟ್ಟಿಯನ್ನು ತುದಿಗಳಲ್ಲಿ ಇಡಿಯಾಗಿ ಉಳಿಸಿ, ನಡುವೆ ಮಾತ್ರ ಐದಾಗಿ ಸೀಳಿ ಹೆಣೆದರೆ ಜೋಡಣೆಯೇ ಬೇಕಾಗುವುದಿಲ್ಲ. ಸವಾರಿಗೆ ಮೊದಲು ಎರಡೂ ಲಗಾಮುಗಳನ್ನು ತಲೆಕೆಳಗಾಗಿ ಬಾಗಿಸಿ ಒಳಮೈಯ ಎಳೆಗಳನ್ನು ನೋಡಿ. ಎಲ್ಲಿಯಾದರೂ ಎಳೆಯ ಅಂಚು ನಾರು ನಾರಾಗಿ ಕಂಡರೆ ಆ ಲಗಾಮನ್ನು ಅಂದೇ ತೆಗೆದಿಟ್ಟು, ನಡುವಿನ ಹೆಣಿಗೆಯನ್ನು ಹೊಸ ಪಟ್ಟಿಯಲ್ಲಿ ಮತ್ತೆ ಮಾಡಿ. ಹಳೆಯ ಪಟ್ಟಿಗೆ ತೇಪೆ ಹಾಕಿ ಸವಾರಿ ಮಾಡಬೇಡಿ.